ಅತ್ತೆ ಪಕ್ಕದಲ್ಲಿ ಕೂತಿದ್ದಾಗ

ಕಳೆದ ತಿಂಗಳು ಊರಿಗೆ, ಅಂದ್ರೆ ಮಾನ್ವಿಗೆ ಹೋಗಿದ್ದೆ. ಊಟ ಮುಗಿಸಿ ಮಾಳಿಗೆ ಮೇಲೆ ಕೂತಾಗ ಚಿಕ್ಕಪ್ಪನ ಮಗಳು ಹಳೇ ಮಾತೊಂದನ್ನು ತೆಗೆದಳು. ಮದುವೆಯಾದಾಗ ಅವಳಿಗೆ ಹತ್ತೊಂಬತ್ತು. ಯಾರೋ ಪುಸ್ತಕ ಹಿಡಿದು ಮನೆಗೆ ಬಂದು, "ಮಕ್ಕಳಾಗದಂಗ ಏನರ ಬಳಸ್ತೀರೇನು?" ಅಂತ ಕೇಳಿದ್ರಂತೆ.

"ಅತ್ತಿ ಬಾಜೂಕ ಕುಂತಿದ್ಲು. ಏನ್ ಹೇಳ್ಲಿ? ಇಲ್ಲ ಅಂದೆ."

ಆಗ ಅವಳು ಗುಟ್ಟಾಗಿ ಮಾತ್ರೆ ತಗೊಳ್ತಿದ್ದಳು. ಮಾತ್ರೆ ಮುಗಿದಾಗ ಮತ್ತೆ ಯಾರನ್ನು ಕೇಳೋದು ಅಂತ ತಿಳೀಲಿಲ್ಲ. ವರ್ಷದೊಳಗೆ ಮಗು. ಡಿಗ್ರಿ ಎರಡನೇ ವರ್ಷಕ್ಕೇ ನಿಂತಿತು.

ಆಫೀಸಲ್ಲಿ ನನ್ನ ಕೆಲಸ ಡ್ಯಾಶ್‌ಬೋರ್ಡ್ ಮಾಡೋದು. ಒಳಗೆ ಹೋಗೋ ಡೇಟಾನೇ ಸುಳ್ಳಾದ್ರೆ ಗ್ರಾಫ್ ಎಷ್ಟು ಚೆಂದ ಇದ್ರೇನು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಗರ್ಭನಿರೋಧಕ ಬಳಕೆ ಅಂತ ಎದ್ದು ಕಾಣೋ ಅಂಕಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರದ್ದು. ಕರ್ನಾಟಕದಲ್ಲಿ ಅವರಲ್ಲಿ ನೂರಕ್ಕೆ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡವರೇ. ಅಂದ್ರೆ 'ಮಕ್ಕಳು ಸಾಕು' ಅಂದವರು. 'ಈಗಲೇ ಬೇಡ' ಅನ್ನೋ ಹತ್ತೊಂಬತ್ತರ ಹುಡುಗಿ ಆ ಸರಾಸರಿಯಲ್ಲಿ ಕರಗಿ ಹೋಗ್ತಾಳೆ. ಮದುವೆಯಾಗದ ನಮ್ಮಂಥವರು ಆ ಅಂಕಿಯಲ್ಲೇ ಇಲ್ಲ.

ಇನ್ನೊಂದು ದಾರಿ, ಹಂಚಿದ್ದನ್ನು ಎಣಿಸೋದು. ಕುಟುಂಬ ಯೋಜನೆಯ ಲೆಕ್ಕದಲ್ಲಿ 120 ಕಾಂಡೋಮ್ ಹಂಚಿದ್ರೆ ಒಂದು ಜೋಡಿಗೆ ಒಂದು ವರ್ಷದ ರಕ್ಷಣೆ ಸಿಕ್ಕ ಹಾಗೆ. ಆ ಪ್ಯಾಕೆಟ್ ಬೀರುವಿನಲ್ಲೇ ಧೂಳು ತಿಂದ್ರೂ ಲೆಕ್ಕ ಲೆಕ್ಕವೇ!

ಹಾಗಾದ್ರೆ ನಿಜ ತಿಳಿಯೋದು ಹೇಗೆ? ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಎಚ್‌ಐವಿ ತಡೆ ಕಾರ್ಯಕ್ರಮಗಳಿಗಾಗಿ ಇಲ್ಲಿ 'ಮತಗಟ್ಟೆ ಸಮೀಕ್ಷೆ' ಮಾಡಿದ್ರು. ಒಂದು ಗುಂಪು, ಪ್ರತಿಯೊಬ್ಬರಿಗೂ ಮರೆ. ಒಬ್ಬರು ಪ್ರಶ್ನೆ ಜೋರಾಗಿ ಓದ್ತಾರೆ. ನೀವು ಹೆಸರಿಲ್ಲದ ಚೀಟಿಯನ್ನು 'ಹೌದು' ಅಥವಾ 'ಇಲ್ಲ' ಪೆಟ್ಟಿಗೆಗೆ ಹಾಕೋದು, ಓಟು ಹಾಕಿದ ಹಾಗೆ. ಎದುರು ಕೂತು ಕೇಳಿದಾಗ ಮುಚ್ಚಿಟ್ಟ ಎಷ್ಟೋ ಸಂಗತಿ ಈ ಪೆಟ್ಟಿಗೆಯಲ್ಲಿ ಹೊರಬಂತು.

ಪ್ರಶ್ನೆಯೂ ಸರಿಯಿರಬೇಕು. "ಯಾವಾಗಲೂ ಬಳಸ್ತೀರಾ?" ಅಂದ್ರೆ ಎಲ್ಲರೂ ಒಳ್ಳೆಯವರೇ. "ಕಳೆದ ಸಲ ಬಳಸಿದ್ರಾ?" ಅಂತ ಕೇಳಿ, ನೆನಪಿಸಿಕೊಂಡು ಹೇಳಬೇಕಾಗುತ್ತೆ. ಕಾರ್ಯಕ್ರಮ ಶುರುವಾಗೋ ಮೊದಲೂ ಆಮೇಲೂ ಅದೇ ಪ್ರಶ್ನೆ ಕೇಳಿದ್ರೆ ಮಾತ್ರ ಏನಾದ್ರೂ ಬದಲಾಯ್ತಾ ಅಂತ ಗೊತ್ತಾಗೋದು.

ಪೆಟ್ಟಿಗೆ 'ಯಾರು' ಅಂತ ಹೇಳಲ್ಲ, ನಿಜ. 'ಎಷ್ಟು ಜನ' ಅಂತ ಹೇಳುತ್ತೆ. ಊರಿಗೆ ಎಷ್ಟು ಮಾತ್ರೆ ತರಿಸಬೇಕು ಅನ್ನೋದಕ್ಕೆ ಅಷ್ಟು ಸಾಕು. ಆ ಮಾತ್ರೆ ಕೈಗೆ ಸಿಗೋಕೆ ಮಾತ್ರ ಬಾಗಿಲು ಹಾಕಿದ ಒಂದು ಕೋಣೆ, ಬೈಯದೆ ಕೇಳೋ ಒಬ್ಬ ನರ್ಸ್ ಬೇಕು. ಹದಿಹರೆಯದವರಿಗೆ ಅಂತಲೇ ಇರೋ ಸ್ನೇಹ ಕ್ಲಿನಿಕ್‌ಗಳ ಉದ್ದೇಶವೂ ಇದೇ ತಾನೇ?

ಪೆಟ್ಟಿಗೆ ವಿಷಯ ತಂಗಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಿದ್ರ ನಾ ಖರೇ ಹೇಳ್ತಿದ್ದೆ ನೋಡು" ಅಂದಳು.