ಮನೆಗಿಂತ ಮೊದಲು ಮಣ್ಣು: ಯುದ್ಧಾನಂತರದ ಪುನರ್ನಿರ್ಮಾಣ ಮತ್ತು ಆಸ್ಟ್ರೇಲಿಯಾದ ಅನುಭವ

ಉಕ್ರೇನ್ ಹಾಗೂ ಗಾಜಾದ ಪುನರ್ನಿರ್ಮಾಣದ ಚರ್ಚೆ ಸಾಮಾನ್ಯವಾಗಿ ಎಷ್ಟು ಮನೆ, ಎಷ್ಟು ಹಣ ಎಂಬ ಲೆಕ್ಕದಲ್ಲಿಯೇ ಮುಗಿಯುತ್ತದೆ. ಗಾಜಾದಲ್ಲಿ 3.9 ಕೋಟಿ ಟನ್ ಕಟ್ಟಡಾವಶೇಷ ಬಿದ್ದಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರ ಜೂನ್‌ನಲ್ಲಿಯೇ ಅಂದಾಜಿಸಿತ್ತು. ಅದರೊಳಗೆ ಸಿಡಿಯದ ಮದ್ದುಗುಂಡುಗಳಿವೆ, ಕಲ್ನಾರಿದೆ. ಇಂಥ ನೆಲ ಮತ್ತೆ ಊರಾಗುವುದು ಹೇಗೆ? ಸಿಡ್ನಿ, ಮೆಲ್ಬರ್ನ್‌ಗಳು ಯುದ್ಧದಲ್ಲಿ ನೆಲಸಮವಾದ ನಗರಗಳಲ್ಲ. ಆದರೆ ಯುದ್ಧದ ಉದ್ಯಮ ಇಲ್ಲಿಯ ನೆಲ, ನೀರುಗಳ ಮೇಲೂ ಗುರುತು ಬಿಟ್ಟಿದೆ. ಆದ್ದರಿಂದ ಇವುಗಳ ಅನುಭವ ಗಮನಾರ್ಹವೆಂದು ನಾನು ಭಾವಿಸುತ್ತೇನೆ.

ಸಿಡ್ನಿಯ ನ್ಯೂವಿಂಗ್ಟನ್ 1999ರವರೆಗೆ ನೌಕಾಪಡೆಯ ಮದ್ದುಗುಂಡುಗಳ ಉಗ್ರಾಣವಾಗಿತ್ತು. ಅದಕ್ಕೆ ಸೇರಿದ ಜಾಗದಲ್ಲಿ 2000ದ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಪಟುಗಳ ವಸತಿಯೇ ಇಂದಿನ ಬಡಾವಣೆ. ಮನೆಗಳ ಮೇಲೆ ಸೌರಫಲಕ, ಶೌಚಾಲಯಕ್ಕೂ ತೋಟಕ್ಕೂ ಮರುಬಳಕೆಯ ನೀರು. ಇದಕ್ಕೂ ಮುಖ್ಯವಾದ ಕೆಲಸ ಕಣ್ಣಿಗೆ ಕಾಣದು. ಸುತ್ತಲಿನ ಹೋಮ್‌ಬುಷ್ ಪ್ರದೇಶದಲ್ಲಿ ಸುರಿದಿದ್ದ ಕಸವನ್ನು ಗುಡ್ಡೆಹಾಕಿ ಮಣ್ಣು ಹೊದಿಸಿ, ಜಿನುಗುವ ದ್ರವವನ್ನು ಸಂಗ್ರಹಿಸಿ ಸಂಸ್ಕರಿಸುವ ವ್ಯವಸ್ಥೆ ಮಾಡಲಾಯಿತು. ಆ ನಿಗಾ ಇಂದಿಗೂ ನಿಂತಿಲ್ಲ.

ಪಕ್ಕದಲ್ಲಿಯೇ ಈ ಕಥೆಯ ಇನ್ನೊಂದು ಮುಖವಿದೆ. ಭೋಪಾಲದಿಂದಾಗಿ ನಮಗೆ ಪರಿಚಿತವಾದ ಯೂನಿಯನ್ ಕಾರ್ಬೈಡ್, ವಿಯೆಟ್ನಾಂ ಯುದ್ಧದ ಕಾಲದಲ್ಲಿ ರೋಡ್ಸ್‌ನಲ್ಲಿ ಏಜೆಂಟ್ ಆರೆಂಜ್‌ಗೆ ಬೇಕಾದ ಕಳೆನಾಶಕವನ್ನು ತಯಾರಿಸುತ್ತಿತ್ತು. ಅದರ ಡಯಾಕ್ಸಿನ್ ಕೊಲ್ಲಿಯ ಹೂಳಿಗೆ ಇಳಿಯಿತು. ಹೂಳಿನ ಒಂದು ಭಾಗವನ್ನು ಮುಂದೆ ತೆಗೆದು ಸಂಸ್ಕರಿಸಿದರು. 2006ರಲ್ಲಿ ಸಿಡ್ನಿ ಬಂದರಿನಲ್ಲಿ ವಾಣಿಜ್ಯ ಮೀನುಗಾರಿಕೆ ನಿಂತಿತು. ಹಾರ್ಬರ್ ಸೇತುವೆಯ ಪಶ್ಚಿಮಕ್ಕೆ ಹಿಡಿದ ಮೀನನ್ನು ತಿನ್ನಬಾರದೆಂಬ ಸರಕಾರದ ಸೂಚನೆ ಇನ್ನೂ ಜಾರಿಯಲ್ಲಿದೆ. ಯುದ್ಧ ನಡೆದದ್ದು ವಿಯೆಟ್ನಾಂನಲ್ಲಿ. ಅರ್ಧ ಶತಮಾನ ಕಳೆದರೂ ಅದರ ವಿಷ ಪ್ಯಾರಮಟ್ಟಾ ನದಿಯ ಮೀನಿನಲ್ಲಿದೆ.

ಮೆಲ್ಬರ್ನ್‌ನಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ಎರಡನೆಯ ಮಹಾಯುದ್ಧಕ್ಕಾಗಿ 1939ರಲ್ಲಿ ಆರಂಭವಾದ ಆಲ್ಬಿಯನ್ ಸ್ಫೋಟಕ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅದರ ಕಲುಷಿತ ನೆಲವನ್ನು ಸಾರ್ವಜನಿಕ ಸಂಸ್ಥೆಯೊಂದು ಶುದ್ಧೀಕರಿಸಿ, ಸ್ಥಳೀಯ ಹುಲ್ಲುಗಾವಲಿನ ತುಣುಕುಗಳನ್ನು ಉಳಿಸಿಕೊಂಡು ಕೇರ್ನ್‌ಲೀ ಬಡಾವಣೆಯನ್ನು ರೂಪಿಸಿತು. ಆದರೆ ಮರಿಬಿರ್ನಾಂಗ್‌ನ 127 ಹೆಕ್ಟೇರ್ ಸ್ಫೋಟಕ ಕಾರ್ಖಾನೆಯ ಜಾಗ, ನಗರಕ್ಕೆ ಅಷ್ಟು ಸಮೀಪದಲ್ಲಿದ್ದರೂ, ಉತ್ಪಾದನೆ ನಿಂತು ದಶಕಗಳಾದರೂ, ಊರಾಗಲಿಲ್ಲ. ಶುದ್ಧೀಕರಣದ ಹೊರೆಯೇ ಇದಕ್ಕೆ ದೊಡ್ಡ ಅಡ್ಡಿ.

ಶ್ರೀಮಂತವೂ ಶಾಂತವೂ ಆದ ದೇಶಕ್ಕೇ ಇಷ್ಟು ಕಾಲ ಹಿಡಿದರೆ, ಮನೆಮಠ ಕಳೆದುಕೊಂಡವರ ಪಾಡೇನು? ಅವರಿಗೆ ಸೂರು ತುರ್ತಾಗಿ ಬೇಕು. ಮಣ್ಣು ಶುದ್ಧವಾಗುವವರೆಗೆ ಕಾಯಿರೆಂದು ಹೇಳುವುದು ಸುಲಭವಲ್ಲ. ಆದ್ದರಿಂದಲೇ ಪ್ರತಿಯೊಂದು ಪುನರ್ನಿರ್ಮಾಣ ಯೋಜನೆಯನ್ನೂ ಎರಡು ಪ್ರಶ್ನೆಗಳಿಂದ ಅಳೆಯಬೇಕು. ನೆಲ, ನೀರುಗಳ ಶುದ್ಧೀಕರಣದ ವೆಚ್ಚ ಮನೆಗಳ ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿದೆಯೆ? ಮೂವತ್ತು ವರ್ಷಗಳ ನಂತರವೂ ಅದರ ನಿಗಾಕ್ಕೆ ಹೊಣೆಯಾಗುವ ಸಂಸ್ಥೆ ಯಾವುದು? ಇವೆರಡಕ್ಕೂ ಉತ್ತರವಿಲ್ಲದಿದ್ದರೆ, ಸೌರಫಲಕ ಹೊತ್ತ ಮನೆಯನ್ನೂ ಪರಿಸರಸ್ನೇಹಿ ಎನ್ನಲಾಗದು.