ಗಡಿ ದಾಟುವ ಪಿಕಪ್ ಮತ್ತು ಮೂರು ಸಾವಿರ ಕಿಲೋದ ಮಿತಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದರೆ, ಉದಗೀರ ಮತ್ತು ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಆದರೆ ಅಲ್ಲಿಯ ತೊಗರಿ, ಸೋಯಾ ಚೀಲಗಳಾಗಲಿ ನಂಟಸ್ತಿಕೆಗಳಾಗಲಿ ಗಡಿಕಲ್ಲನ್ನು ನೋಡಿ ನಿಲ್ಲಲಿಲ್ಲ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿರುವ ಉಮರ್ಗಾದಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕರ್ನಾಟಕದ ಹುಮನಾಬಾದ್. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವ ನಮ್ಮವರಿಗೆ ಈ ಬದುಕನ್ನು ವಿವರಿಸಬೇಕಾಗಿಲ್ಲ.

ಇಂತಹ ಕಡೆ ಸಾಗಾಟಕ್ಕೆ ಹೇಳಿಸಿದ ವಾಹನ ಪಿಕಪ್. ಆದರೆ ಅದನ್ನು ಅಶ್ವಶಕ್ತಿಯಿಂದ ಅಳೆಯುವುದು ತಪ್ಪು. 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸ್‌ಗೆ 204 ಅಶ್ವಶಕ್ತಿ. ನಾಲ್ಕೂ ಚಕ್ರಗಳಿಗೆ ಎಳೆತವುಂಟು. ಆದರೆ ಅದು ಐವರು ಕುಳಿತು ಸಾಗುವ ಸ್ವಂತದ ವಾಹನ. ಅದೇ ವರ್ಷದ ಟಾಟಾ ಯೋಧ 2.0ಗೆ ಸುಮಾರು 100 ಅಶ್ವಶಕ್ತಿ ಮಾತ್ರ. ಹೊರೆ ಎರಡು ಟನ್, ಎಂದರೆ ಕ್ವಿಂಟಾಲಿನ 20 ಚೀಲ. 2023ರ ಮಹೀಂದ್ರ ಬೊಲೆರೊ ಮ್ಯಾಕ್ಸ್ 1.3 ಟನ್ನಿನಿಂದ 2 ಟನ್ನಿನವರೆಗಿನ ಮಾದರಿಗಳಲ್ಲಿ ಸಿಗುತ್ತದೆ. ಹಿಂದಿನ ಗಟ್ಟಿ ಪಟ್ಟಿ ಸ್ಪ್ರಿಂಗುಗಳೇ ಇವುಗಳ ಬಲ. ಅವುಗಳಿಂದಾಗಿಯೇ ಖಾಲಿ ಗಾಡಿ ಕುಣಿಯುತ್ತದೆ. ಎರಡೇ ಚಕ್ರಗಳಿಗೆ ಎಳೆತವಿರುವ ಗಾಡಿ ಮಳೆಗಾಲದಲ್ಲಿ ಎರೆಮಣ್ಣಿಗೆ ಇಳಿದರೆ, ಹಿಂದೆ ಭಾರವಿಲ್ಲದ ಚಕ್ರ ಸುಮ್ಮನೆ ತಿರುಗುತ್ತದೆ.

ಹೆಚ್ಚು ಹೊರುವ ಗಾಡಿಯೇ ಲೇಸೆಂದು ತೀರ್ಮಾನಿಸುವ ಮೊದಲು ಕಾನೂನನ್ನೂ ನೋಡಬೇಕು. ವಾಹನ ಮತ್ತು ಹೊರೆ ಸೇರಿದ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನ ಪ್ರಕಾರ ಪರ್ಮಿಟ್ ಬೇಕಿಲ್ಲ. ಎರಡು ಟನ್ ಹೊರುವ ಗಾಡಿ ಈ ಮಿತಿಯನ್ನು ಸಹಜವಾಗಿಯೇ ಮೀರುತ್ತದೆ. ಒಂದೇ ರಾಜ್ಯದ ಒಳನಾಡಿನಲ್ಲಿ ಓಡುವವನಿಗಿಂತ, ವಾರಕ್ಕೆರಡು ಬಾರಿ ರಾಜ್ಯ ದಾಟುವವನಿಗೆ ಈ ವ್ಯತ್ಯಾಸ ಹೆಚ್ಚು ತಟ್ಟುತ್ತದೆ. ಚಿಕ್ಕ ಗಾಡಿ ಕೊಂಡು ಅಧಿಕ ಹೇರುವುದೂ ಲಾಭವಲ್ಲ: 2019ರ ತಿದ್ದುಪಡಿಯಂತೆ ಅಧಿಕ ಹೊರೆಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000.

ಚಾಲಕರ ಒಂದು ಆತಂಕ ಮಾತ್ರ ನೀಗಿದೆ. 7,500 ಕಿಲೋದೊಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಖಚಿತಪಡಿಸಿತು.

ಆದರೆ ದೊಡ್ಡ ಅಪಾಯ ಉಳಿದೇ ಇದೆ. ಕಳೆ ಕೀಳುವ ಕೂಲಿಯವರನ್ನೂ ಮದುವೆಯ ದಿಬ್ಬಣವನ್ನೂ ಪಿಕಪ್ಪಿನ ಹಿಂದೆ ತುಂಬಿಸುವ ರೂಢಿ ಅಲ್ಲಿಯೂ ಉಂಟು, ಇತರ ಕಡೆಗಳಲ್ಲಿಯೂ ಉಂಟು. ಸರಕು ವಾಹನದಲ್ಲಿ ಹೀಗೆ ಹತ್ತಿದವರಿಗೆ ವಿಮಾ ಕಂಪೆನಿ ಹೊಣೆಯಲ್ಲವೆಂದು 2002ರಲ್ಲೇ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಗಾಡಿ ಉರುಳಿದರೆ ಪರಿಹಾರದ ಭಾರವೆಲ್ಲ ಮಾಲಿಕನ ಹೊಲ-ಮನೆಯ ಮೇಲೆ. ಅವನಲ್ಲಿ ಏನೂ ಇಲ್ಲದಿದ್ದರೆ ಸತ್ತವರ ಮಕ್ಕಳಿಗೆ ಕಾಸೂ ಇಲ್ಲ.

ಆದುದರಿಂದ ಪಿಕಪ್ ಕೊಳ್ಳುವವರು ಬಣ್ಣ, ಬೆಲೆ ಕೇಳುವ ಮೊದಲು ಒಟ್ಟು ತೂಕವೆಷ್ಟೆಂದು ಕೇಳಲಿ. ಕೊಂಡ ಮೇಲೆ ಹಿಂದೆ ಚೀಲವನ್ನಷ್ಟೇ ಹೇರಲಿ. ಉಮರ್ಗಾದವರಿಗೆ ಸಲ್ಲುವ ಈ ಮಾತು ಕುಂಬಳೆ, ಮಂಜೇಶ್ವರದವರಿಗೂ ಅಷ್ಟೇ ಸಲ್ಲುತ್ತದೆ.