ನರ್ಸಿಂಗ್ ಹೋಮಿನಲ್ಲಿ ನರ್ಸಿಂಗ್ ಎಲ್ಲಿ?

ನಮ್ಮ ಬೀದಿಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಸಾಕು, ಕಾಂಪೌಂಡಿನ ಆಚೆಯಿಂದ ಈಚೆಯಿಂದ ಸಲಹೆಗಳು ಹಾರಿಬರುತ್ತವೆ. ‘ಅಲ್ಲಿಗೆ ಮಾತ್ರ ಹೋಗಬೇಡಿ, ಒಂದೇ ಗಲೀಜು. ಇಲ್ಲಿ ನೋಡಿ, ನೆಲ ಎಷ್ಟು ಚೆನ್ನಾಗಿ ಹೊಳೆಯುತ್ತೆ!’ ‘ಆ ಡಾಕ್ಟರ ಕೈಗುಣ ಚೆನ್ನಾಗಿದೆಯಂತೆ.’ ‘ಸ್ಪೆಷಲ್ ರೂಮಿನಲ್ಲಿ ಟಿ.ವಿ. ಇದೆ, ಇಪ್ಪತ್ನಾಲ್ಕು ಗಂಟೆ ಬಿಸಿನೀರು.’ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳುಕು ಹುಡುಕುತ್ತೇವೆ, ಸೀರೆ ಕೊಳ್ಳುವಾಗ ಸೆರಗನ್ನು ಬಿಸಿಲಿಗೆ ಹಿಡಿದು ಎಳೆ ಎಣಿಸುತ್ತೇವೆ. ಅಂಥ ನಾವು ಹೆತ್ತ ತಾಯಿಯನ್ನು ಹದಿನೈದು ದಿನ ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ನೋಡಬೇಕಾದಾಗ ಮಾತ್ರ ನೆಲದ ಹೊಳಪು ನೋಡಿ ತೃಪ್ತರಾಗಿಬಿಡುತ್ತೇವೆ. ಬೇರೆಯವರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಾನೂ ಹೊಳಪು ನೋಡಿಯೇ ಹೋದವಳು.

2022ರ ಜುಲೈ ತಿಂಗಳು. ಎಪ್ಪತ್ತೊಂಬತ್ತು ವರ್ಷದ ನಮ್ಮಮ್ಮ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದುಕೊಂಡರು. ಊರಲ್ಲೇ ಹೆಸರಾದ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಮೂರನೆಯ ದಿನ ಆಪರೇಷನ್ ಆಯಿತು. ಆ ಆಪರೇಷನ್ನಿನಲ್ಲಿ ಒಂದು ಕುಂದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತೋರಿಸಿದ ಬೇರೆ ಡಾಕ್ಟರೂ ಎಕ್ಸ್‌ರೇ ನೋಡಿ ತಲೆದೂಗಿದರು. ಡಾಕ್ಟರು ದಿನಕ್ಕೆ ಎರಡು ಸಲ ಬಂದು, ‘ಹೇಗಿದ್ದೀರಿ ಅಜ್ಜಿ?’ ಎಂದು ಕೇಳಿ ಹೋಗುತ್ತಿದ್ದರು. ಅಮ್ಮ ‘ಚೆನ್ನಾಗಿದ್ದೀನಪ್ಪ’ ಅನ್ನುತ್ತಿದ್ದರು. ಎರಡು ಭೇಟಿ ಸೇರಿದರೆ ಐದು ನಿಮಿಷ ಎನ್ನಿ. ಉಳಿದ ಇಪ್ಪತ್ಮೂರು ಗಂಟೆ ಐವತ್ತೈದು ನಿಮಿಷ ಅಮ್ಮನನ್ನು ನೋಡಿಕೊಂಡವರು ಯಾರು? ನನ್ನ ತಕರಾರು ಇರುವುದು ಇಲ್ಲಿ.

ಹಗಲು ನಾನು, ರಾತ್ರಿ ನನ್ನ ಅತ್ತಿಗೆ. ನಾನು ಶಾಲೆಗೆ ರಜೆ ಹಾಕಿದ್ದೆ, ಅತ್ತಿಗೆಗೆ ರಜೆಯ ಪ್ರಶ್ನೆಯೇ ಇಲ್ಲ, ಬೆಳಿಗ್ಗೆ ಮನೆಗೆ ಹೋಗಿ ತಿಂಡಿ ಅಡುಗೆ ಮುಗಿಸಿ ಬುತ್ತಿ ಕಳಿಸಬೇಕು. ಅಣ್ಣ ಸಂಜೆ ಬಂದು ಫೈಲು ತಿರುವಿ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ, ‘ಎಲ್ಲಾ ಪರ್ಫೆಕ್ಟ್ ಆಗಿದೆ’ ಎಂದು ಹೇಳಿ ಹೊರಡುತ್ತಿದ್ದ. ಸೇರಿಸಿಕೊಳ್ಳುವಾಗಲೇ ಕೌಂಟರಿನ ಹುಡುಗ ಹೇಳಿದ್ದ: ‘ಪೇಷಂಟ್ ಜೊತೆ ಒಬ್ಬರು ಲೇಡೀಸ್ ಇರಲೇಬೇಕು ಮೇಡಂ.’ ಲೇಡೀಸ್ ಏತಕ್ಕೆಂದು ಎರಡೇ ದಿನದಲ್ಲಿ ತಿಳಿಯಿತು. ಬೆಡ್‌ಪ್ಯಾನ್ ಇಡುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಗ್ಲೂಕೋಸ್ ಮುಗಿಯುತ್ತಾ ಬಂತೆಂದರೆ ‘ಸಿಸ್ಟರ್, ಸಿಸ್ಟರ್’ ಎಂದು ಕಾರಿಡಾರಿನಲ್ಲಿ ಓಡುವುದು, ಕೆಳಗಿನ ಅಂಗಡಿಯಿಂದ ಮಾತ್ರೆ ತರುವುದು, ಎಲ್ಲವೂ ನಾವೇ. ಬಿಲ್ಲಿನಲ್ಲಿ ಮಾತ್ರ ‘ನರ್ಸಿಂಗ್ ಚಾರ್ಜು, ದಿನಕ್ಕೆ 700 ರೂಪಾಯಿ’ ಎಂದು ಹದಿನಾಲ್ಕು ದಿನದ ಲೆಕ್ಕ ಬಂತು. ಒಟ್ಟು 9,800 ರೂಪಾಯಿ. ನಮ್ಮ ಕೈಯಿಂದ ಮಾಡಿಸಿದ ಕೆಲಸಕ್ಕೆ ನಮ್ಮಿಂದಲೇ ಕೂಲಿ ವಸೂಲಿ! ನೀವೇ ಹೇಳಿ, ಇಂಥ ವ್ಯಾಪಾರ ಬೇರೆಲ್ಲಾದರೂ ಉಂಟೇ? ಹೋಟೆಲಿನವನು ನಮ್ಮಿಂದಲೇ ದೋಸೆ ಹುಯ್ಯಿಸಿಕೊಂಡು ನಮಗೇ ಬಿಲ್ಲು ಕೊಟ್ಟರೆ ಸುಮ್ಮನಿರುತ್ತೇವೆಯೇ? ಮನೆಯಲ್ಲಿ ಹೆಂಗಸರೇ ಇಲ್ಲದವರ, ಇದ್ದೊಬ್ಬ ಮಗ ಹೊರದೇಶದಲ್ಲಿರುವವರ ಪಾಡು ಏನೋ, ನಾನು ಆಗ ಯೋಚಿಸಿಯೂ ಇರಲಿಲ್ಲ.

ಹತ್ತನೆಯ ದಿನ ಅಮ್ಮನ ನೈಟಿ ಬದಲಿಸಲು ಸ್ವಲ್ಪ ಪಕ್ಕಕ್ಕೆ ಸರಿಸಿದಾಗ ಏನೋ ವಾಸನೆ ಬಂತು. ಬಗ್ಗಿ ನೋಡಿದೆ. ಬೆನ್ನಿನ ಕೆಳಗೆ, ಬಾಲಮೂಳೆಯ ಮೇಲೆ, ಅಂಗೈಯಗಲ ಚರ್ಮ ಕಿತ್ತುಹೋಗಿ ನಡುವೆ ಕಪ್ಪಾಗಿತ್ತು. ಹಾಸಿಗೆ ಹುಣ್ಣು. ಅಮ್ಮ ಎರಡು ದಿನದಿಂದ ‘ಉರಿ, ಉರಿ’ ಅನ್ನುತ್ತಿದ್ದದ್ದನ್ನು ನಾವು ಆಪರೇಷನ್ ಗಾಯದ ಉರಿ ಎಂದುಕೊಂಡಿದ್ದೆವು. ‘ಕಾಲು ಅಲುಗಾಡಿಸಬೇಡಿ’ ಎಂದಿದ್ದರಲ್ಲ, ಅಲುಗಾಡಿಸಲಿಲ್ಲ. ಹತ್ತು ದಿನ ಅಮ್ಮ ಅಂಗಾತವೇ ಮಲಗಿದ್ದರು. ಕಾಲುಗಳ ನಡುವೆ ದಿಂಬಿಟ್ಟು ಜೋಪಾನವಾಗಿ ಪಕ್ಕಕ್ಕೆ ಹೊರಳಿಸಬಹುದು, ಹೊರಳಿಸಲೇಬೇಕು ಎಂದು ನಮಗೆ ಯಾರೂ ಹೇಳಲಿಲ್ಲ, ತಾವೂ ಮಾಡಲಿಲ್ಲ.

ಡಾಕ್ಟರು ಬಂದು ನೋಡಿ, ‘ವಯಸ್ಸಾದವರಿಗೆ ಇದೆಲ್ಲ ಸಾಮಾನ್ಯ’ ಎಂದರು. ಆಗ ನಂಬಿದೆ. ಆಮೇಲೆ ಓದಿದೆ, ಕೇಳಿದೆ. ಎದ್ದು ಓಡಾಡಲಾಗದವರನ್ನು ಸಾಧಾರಣವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮ ಒದ್ದೆಯಾಗದಂತೆ ನೋಡಿಕೊಂಡು, ಗಾಳಿ ಹಾಸಿಗೆ ಹಾಕಿ, ಹೊಟ್ಟೆಗೆ ಸರಿಯಾಗಿ ಕೊಟ್ಟರೆ ಬಹುಪಾಲು ಇಂಥ ಹುಣ್ಣು ಆಗುವುದಿಲ್ಲವಂತೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ತನ್ನ ಪುಸ್ತಕದಲ್ಲಿ ಹಾಸಿಗೆ ಹುಣ್ಣಿನ ತಪ್ಪನ್ನು ರೋಗದ ಮೇಲಲ್ಲ, ಶುಶ್ರೂಷೆಯ ಮೇಲೆ ಹೊರಿಸಿದ್ದಾಳೆ. ದೀಪ ಹಿಡಿದ ಆ ಮಹಾತಾಯಿಯ ಪಾಠವನ್ನು ನಾನೇ ಎಷ್ಟು ಸಲ ಮಕ್ಕಳಿಗೆ ಹೇಳಿಲ್ಲ! ದೀಪ ಹಿಡಿದು ಆಕೆ ನೋಡುತ್ತಿದ್ದುದೇನು ಎಂದು ಒಂದು ಸಲವಾದರೂ ಕೇಳಿಕೊಂಡಿರಲಿಲ್ಲ.

ಮೂಳೆ ಕೂಡಿಕೊಂಡಿತು. ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಆಪರೇಷನ್ ಆದ ಮೇಲೆ ಮೆಲ್ಲಗೆ ಕೂರಿಸಿ, ನಿಲ್ಲಿಸಿ, ವಾಕರ್ ಹಿಡಿಸಿ ನಡೆಸಬೇಕಾದ ಕಾಲವೆಲ್ಲ ಹುಣ್ಣಿನ ಡ್ರೆಸ್ಸಿಂಗಿನಲ್ಲೇ ಕಳೆಯಿತು. ಅಮ್ಮ ಮತ್ತೆ ತನ್ನ ಕಾಲ ಮೇಲೆ ಅಡುಗೆಮನೆಗೆ ಬರಲಿಲ್ಲ.

ಆ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯಲ್ಲಿದ್ದ ‘ಸಿಸ್ಟರ್’ ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು ಬೇಡ. ಒಂದು ಸಂಜೆ ಕಾರಿಡಾರಿನಲ್ಲಿ ‘ಮಿಸ್, ನೀವಾ?’ ಎಂದು ಕಾಲು ಮುಟ್ಟಿದಳು. ಬಿಳಿ ಸಮವಸ್ತ್ರ ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ‘ಎಲ್ಲಿ ನರ್ಸಿಂಗ್ ಓದಿದೆ?’ ಎಂದು ಕೇಳಿದರೆ ನಕ್ಕಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದಿಸಲು ಮನೆಯಲ್ಲಿ ಆಗಲಿಲ್ಲ. ಇಲ್ಲಿ ಸೇರಿದಳು. ಹಳೆಯ ಹುಡುಗಿಯೊಬ್ಬಳು ಒಂದು ವಾರ ಜೊತೆಗಿಟ್ಟುಕೊಂಡು ಇಂಜೆಕ್ಷನ್ ಚುಚ್ಚುವುದು, ಬಿ.ಪಿ. ನೋಡುವುದು ತೋರಿಸಿದಳು. ಅಷ್ಟೇ ಆಕೆಯ ಕಾಲೇಜು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ, ಎರಡು ಮಹಡಿ, ಹದಿನಾರು ಹಾಸಿಗೆ, ಒಬ್ಬಳೇ. ಸಂಬಳ 8,500 ರೂಪಾಯಿ. ಹುಣ್ಣು ಕಂಡ ದಿನ ನಾನು ಅವಳ ಮೇಲೆ ಹಾರಾಡಿದೆ. ಅವಳು ಅಳುತ್ತಾ, ‘ಹೊರಳಿಸಬೇಕು ಅಂತ ಗೊತ್ತಿಲ್ಲ ಮಿಸ್. ಗೊತ್ತಿದ್ದರೂ ಒಬ್ಬಳೇ ಹೆಂಗೆ ಹೊರಳಿಸಲಿ?’ ಎಂದಳು. ಅಮ್ಮ ಹಾಸಿಗೆಯಿಂದಲೇ, ‘ಸುಮ್ಮನಿರೇ, ಪಾಪ, ರಾತ್ರಿಯೆಲ್ಲ ಓಡಾಡ್ತಾಳೆ ಅದು’ ಎಂದರು.

ನಿಜವಾದ ನರ್ಸ್ ಆಗಬೇಕಾದರೆ ಜಿ.ಎನ್.ಎಂ. ಮೂರು ವರ್ಷ ಓದಬೇಕು, ಎ.ಎನ್.ಎಂ. ಎಂದರೆ ಎರಡು ವರ್ಷ. ಪಾಸಾದ ಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಬಿಳಿ ಬಟ್ಟೆ ಹೊಲಿಸಲು ದರ್ಜಿಗೆ ಒಂದು ದಿನ ಸಾಕು. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳ, ಕೆಲಸದ ಸ್ಥಿತಿ ನೋಡಲು ಸಮಿತಿ ನೇಮಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು. ಆ ಸಮಿತಿ ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ನಮ್ಮೂರಿನ ಆ ಕಾರಿಡಾರಿಗೆ ಆರು ವರ್ಷವಾದರೂ ಶಿಫಾರಸು ಬಂದು ತಲುಪಿರಲಿಲ್ಲ. ‘ಓದಿದ ನರ್ಸುಗಳು ಸಿಗುವುದಿಲ್ಲ, ಬೆಂಗಳೂರಿಗೆ, ವಿದೇಶಕ್ಕೆ ಹೋಗಿಬಿಡುತ್ತಾರೆ’ ಎನ್ನುತ್ತಾರೆ ಮಾಲೀಕರು. ಹೋಗದೆ ಏನು ಮಾಡಿಯಾರು? ಎಂಟೂವರೆ ಸಾವಿರಕ್ಕೆ ಇಲ್ಲಿ ಕೂತಿರಲು ಅವರಿಗೇನು ಹರಕೆಯೇ? ‘ಹೆಚ್ಚು ಸಂಬಳ ಕೊಟ್ಟರೆ ಬಿಲ್ಲು ನಿಮ್ಮ ಮೇಲೇ ಬೀಳುತ್ತದೆ’ ಎಂಬುದು ಇನ್ನೊಂದು ಮಾತು. ಬಿಲ್ಲು ಈಗಾಗಲೇ ಬಿದ್ದಿದೆಯಲ್ಲ ಸ್ವಾಮಿ, ದಿನಕ್ಕೆ ಏಳು ನೂರು ತಲೆಯೊಂದಕ್ಕೆ! ಹದಿನಾರು ಹಾಸಿಗೆ ತುಂಬಿದ ದಿನ ಅದು ಹನ್ನೊಂದು ಸಾವಿರ ದಾಟುತ್ತದೆ. ಆ ಹುಡುಗಿಯ ಒಂದು ತಿಂಗಳ ಸಂಬಳ ಒಂದೇ ದಿನದಲ್ಲಿ ಬಂದು ಮಿಗುತ್ತದೆ. ಲೆಕ್ಕ ನನ್ನ ವಿಷಯವಲ್ಲ, ನಾನು ಕನ್ನಡ, ಸಮಾಜ ಹೇಳುವವಳು. ಆದರೂ ಇಷ್ಟು ಬರುತ್ತದೆ.

ಸಣ್ಣ ನರ್ಸಿಂಗ್ ಹೋಮುಗಳೆಲ್ಲ ಹೀಗೆ ಎಂದು ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. 1995ರಲ್ಲಿ ನನ್ನ ಮಗಳು ಹುಟ್ಟಿದ್ದು ಆರು ಹಾಸಿಗೆಯ ಒಂದು ಹಳೆಯ ಮನೆಯಲ್ಲಿ. ಕೆಂಪು ಗಾರೆ ನೆಲ, ಒಬ್ಬರು ಲೇಡಿ ಡಾಕ್ಟರು, ಓದಿದ ನರ್ಸ್ ಒಬ್ಬರು, ಬೊಚ್ಚುಬಾಯಿಯ ಆಯಮ್ಮ ಒಬ್ಬಳು. ಆ ಆಯಮ್ಮ ರಾತ್ರಿ ಎಷ್ಟು ಸಲ ಎದ್ದು ಬರುತ್ತಿದ್ದಳೆಂದರೆ ನನಗೇ ಬೇಸರ ಬರುತ್ತಿತ್ತು. ಬಟ್ಟೆ ಎತ್ತಿ ರಕ್ತಸ್ರಾವ ನೋಡುವಳು, ಹೊಟ್ಟೆ ಒತ್ತುವಳು, ಏನೋ ಅನುಮಾನ ಬಂದರೆ ನರ್ಸಮ್ಮನನ್ನು ಎಬ್ಬಿಸುವಳು, ಮಗುವಿಗೆ ಹಾಲು ಹಿಡಿಸದಿದ್ದರೆ ನನಗೆ ಬೈಯುವಳು. ಅದೇ ವರ್ಷ ಸುಪ್ರೀಂ ಕೋರ್ಟು ಹಣ ತೆಗೆದುಕೊಂಡು ಮಾಡುವ ವೈದ್ಯಸೇವೆಯೂ ಗ್ರಾಹಕರ ಕಾಯ್ದೆಗೆ ಒಳಪಡುತ್ತದೆಂದು ತೀರ್ಪು ಕೊಟ್ಟಿತು. ಅಂದಿನಿಂದ ನಾವು ಗ್ರಾಹಕರು. ಕಾಗದಗಳು ಹೆಚ್ಚಿದವು, ಸಹಿಗಳು ಹೆಚ್ಚಿದವು. ರಾತ್ರಿ ಬಂದು ಬಟ್ಟೆ ಎತ್ತಿ ನೋಡುವ ಕೈ ಎಲ್ಲಿ ಹೋಯಿತೋ!

ಕಾನೂನು ಇಲ್ಲವೇ? ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ನೋಂದಣಿ ಮಾಡಿಸಬೇಕು, ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ದೂರಿದ್ದರೆ ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಇದು ತಿಳಿದದ್ದೇ ತಡ, ನಾಲ್ಕು ಪುಟ ದೂರು ಬರೆದೆ. ಅಣ್ಣ, ‘ಊರಲ್ಲಿ ಇರಬೇಕಾದವರು ನಾವು, ನಾಳೆ ಮತ್ತೆ ಅವರ ಹತ್ತಿರವೇ ಹೋಗಬೇಕು’ ಎಂದ. ಅತ್ತಿಗೆ ಮಾತ್ರ ಒಂದೂ ಮಾತಾಡದೆ ತನ್ನ ಹೆಸರನ್ನೂ ಕೆಳಗೆ ಬರೆದು ಸಹಿ ಮಾಡಿದಳು.

ವಿಚಾರಣೆಯ ದಿನ ನರ್ಸಿಂಗ್ ಹೋಮಿನವರು ಎರಡು ಕಾಗದ ಮುಂದಿಟ್ಟರು. ಒಂದು, ಅಮ್ಮನ ಚಾರ್ಟು. ಹದಿನಾಲ್ಕು ದಿನ, ಹಗಲೂ ರಾತ್ರಿ, ಎರಡೆರಡು ಗಂಟೆಗೆ ‘ರೋಗಿಯ ಮಗ್ಗುಲು ಬದಲಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒಂದೇ ಪೆನ್ನು, ಒಂದೇ ಕೈ, ಒಂದೇ ಓರೆ. ಜ್ವರದ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೂ 98.4. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವಳು ನಾನು. ಹಿಂದಿನ ರಾತ್ರಿ ಕೂತು ಒಂದೇ ಏಟಿಗೆ ಬರೆದ ಹೋಂವರ್ಕ್ ಯಾವುದೆಂದು ನನಗೆ ಗೊತ್ತಾಗದೇ? ಅದನ್ನೇ ಹೇಳಿದೆ. ಅಲ್ಲಿದ್ದ ಒಬ್ಬರು ಮೀಸೆಯಡಿಯಲ್ಲಿ ನಕ್ಕರು.

ಇನ್ನೊಂದು ಕಾಗದ ನೋಡಿದಾಗ ನನ್ನ ಬಾಯಿ ಕಟ್ಟಿತು. ಡಿಸ್ಚಾರ್ಜಿನ ದಿನ ಕೌಂಟರಿನಲ್ಲಿ ಕೊಟ್ಟಿದ್ದ ‘ಫೀಡ್‌ಬ್ಯಾಕ್’ ಹಾಳೆ. ಆಟೋ ಹೊರಗೆ ಕಾಯುತ್ತಿತ್ತು, ಅಮ್ಮ ಗಾಲಿಕುರ್ಚಿಯಲ್ಲಿ ನರಳುತ್ತಿದ್ದರು, ಫೈಲು ಆ ಹುಡುಗನ ಕೈಯಲ್ಲಿತ್ತು. ‘ಇಲ್ಲೊಂದು ಟಿಕ್ ಹಾಕಿಬಿಡಿ ಮೇಡಂ, ಫಾರ್ಮಾಲಿಟಿ’ ಎಂದ. ಹಾಕಿದೆ. ಶುಚಿತ್ವ: ಎಕ್ಸಲೆಂಟ್. ನರ್ಸಿಂಗ್ ಸೇವೆ: ಎಕ್ಸಲೆಂಟ್. ಕೆಳಗೆ ದುಂಡಗಿನ ಅಕ್ಷರದಲ್ಲಿ ನನ್ನದೇ ಸಹಿ. ಶಾಲೆಗೆ ಇನ್ಸ್‌ಪೆಕ್ಷನ್ ಬರುವ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿಸಿ, ಜಾಣ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುವ ನಮಗೆ ಈ ವಿದ್ಯೆ ಹೊಸದಲ್ಲ. ಆದರೂ ಬಿದ್ದೆ. ಅದರ ಸ್ಥಿತಿಯಲ್ಲೇ ದೂರು ಇವತ್ತಿಗೂ ಇದೆ. ಚಾರ್ಟು ಒಂದು ಕಡೆ, ನನ್ನ ಎಕ್ಸಲೆಂಟ್ ಒಂದು ಕಡೆ.

ಈಗ ಬೀದಿಯಲ್ಲಿ ಯಾರಾದರೂ ‘ಯಾವ ನರ್ಸಿಂಗ್ ಹೋಂ ಒಳ್ಳೆಯದು ಟೀಚರೇ?’ ಎಂದು ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ‘ರಾತ್ರಿ ಹತ್ತೂವರೆಗೆ ರೆಡಿಯಾಗಿರಿ, ಹೋಗಿ ನೋಡಿಬರೋಣ’ ಎನ್ನುತ್ತೇನೆ. ಹಗಲು ಹೋಗಿ ಪ್ರಯೋಜನವಿಲ್ಲ, ಹಗಲು ಎಲ್ಲ ಕಡೆಯೂ ಇನ್ಸ್‌ಪೆಕ್ಷನ್ನೇ. ಪರಿಚಯದವರು ಯಾರಾದರೂ ಒಳಗೆ ಸೇರಿದ್ದರೆ ಅವರನ್ನು ನೋಡುವ ನೆಪ ಸಿಗುತ್ತದೆ. ನೀರಿನ ಲೋಟ ರೋಗಿಯ ಕೈಗೆ ಎಟುಕುವಂತಿದೆಯೇ, ಇಲ್ಲ ಕಿಟಕಿಯ ಮೇಲಿದೆಯೇ? ಮಲಗಿದವರ ಉಗುರು ಕತ್ತರಿಸಿದೆಯೇ? ಬೆಳಗಿನ ನಾಲ್ಕು ಗಂಟೆಯ ಬಿ.ಪಿ. ರಾತ್ರಿಯೇ ಚಾರ್ಟಿನಲ್ಲಿ ಬಂದು ಕೂತಿದೆಯೇ? ನಾಚಿಕೆ ಬಿಟ್ಟು ಇಷ್ಟು ನೋಡುತ್ತೇನೆ. ‘ನಿಮ್ಮ ಓದು ಏನಮ್ಮ, ರಾತ್ರಿ ಎಷ್ಟು ಜನ ಇದ್ದೀರಿ?’ ಎಂದು ಸಿಸ್ಟರನ್ನೇ ಕೇಳುತ್ತೇನೆ. ಓದಿ ಬಂದವಳು ಬೇಸರಿಸಿಕೊಳ್ಳುವುದಿಲ್ಲ, ಇಷ್ಟಗಲ ಮುಖ ಮಾಡಿಕೊಂಡು ಹೇಳುತ್ತಾಳೆ.

ಹೋದ ತಿಂಗಳು ಎದುರುಮನೆಯ ಶಾಂತಕ್ಕನವರ ಅತ್ತೆಗೆಂದು ಹೀಗೇ ಒಂದು ಕಡೆ ಹೋಗಿದ್ದೆವು. ಹೊಸ ಕಟ್ಟಡ, ಲಿಫ್ಟು, ಬಾಗಿಲಲ್ಲಿ ಗಾಜಿನ ಗಣಪತಿ. ಮೇಲಿನ ವಾರ್ಡಿನಲ್ಲಿ ಮುದುಕಿಯೊಬ್ಬರು ಗಂಟೆ ಒತ್ತಿ ಕಾಯುತ್ತಿದ್ದರು. ಶಾಂತಕ್ಕ ಗಡಿಯಾರ ನೋಡಿದರು, ನಾನೂ ನೋಡಿದೆ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕೊನೆಗೆ ಬೆಡ್‌ಪ್ಯಾನ್ ಎಲ್ಲಿದೆಯೆಂದು ಹುಡುಕಿ ನಾನೇ ಕೊಟ್ಟೆ. ಕೆಳಗಿಳಿದು ಬರುವಾಗ ಶಾಂತಕ್ಕ, ‘ನೆಲ ಮಾತ್ರ ಚೆನ್ನಾಗಿ ಹೊಳೆಯುತ್ತೆ ಅಲ್ವಾ?’ ಎಂದರು. ಇಬ್ಬರೂ ಆಟೋ ಸಿಗುವವರೆಗೆ ನಗುತ್ತಲೇ ಇದ್ದೆವು.